ಹಡಗಿನಿಂದ ಇಳಿದ ಇಲಿ

"ಅವರ ಮನೇಲಿ ಇಲಿ ಬಿತ್ತಂತೆ!"

ನೂರು ವರ್ಷದ ಹಿಂದೆ ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಮಾತು ಕಿವಿಗೆ ಬಿದ್ದರೆ ಸಾಕು, ಎದೆ ಝಲ್ಲೆನ್ನುತ್ತಿತ್ತು. ಇಲಿ ಬಿತ್ತು ಎಂದರೆ ಬೆಕ್ಕು ಹಿಡಿದದ್ದಲ್ಲ. ಬೋನಿಗೆ ಬಿದ್ದದ್ದೂ ಅಲ್ಲ. ಅಟ್ಟದಲ್ಲಿ ಓಡಾಡುತ್ತಿದ್ದ ಇಲಿ ಅಮಲು ಬಂದ ಹಾಗೆ ತೂರಾಡಿ, ದೊಪ್ಪನೆ ನೆಲಕ್ಕೆ ಬಿದ್ದು ಸತ್ತದ್ದು. ಇವತ್ತು ಒಂದು, ನಾಳೆ ನಾಲ್ಕು. ಆಮೇಲೆ ಸ್ವಲ್ಪ ದಿನಕ್ಕೆ ಮನೆಯವರಿಗೆ ಮೈ ಸುಡುವ ಜ್ವರ. ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಕತ್ತಿನಲ್ಲೋ ಗೆಡ್ಡೆ. ಗೆಡ್ಡೆ ನಿಂಬೆಹಣ್ಣಿನಷ್ಟು ಊದುವುದರೊಳಗೆ ಎಷ್ಟೋ ಜನ ತೀರಿಕೊಂಡಿರುತ್ತಿದ್ದರು.

ಆ ಕಾಯಿಲೆಯೇ ಪ್ಲೇಗು. ಅಜ್ಜಿಯರ ಬಾಯಲ್ಲಿ ಪಿಲೇಗು. ಕೆಲವರು ಗೆಡ್ಡೆ ಕಾಯಿಲೆ ಎಂದರು. ಕೆಲವರು ಮಾರಿ ಎಂದು ಕೈಮುಗಿದರು.

ನಮ್ಮದು ಬಯಲುಸೀಮೆ. ತೂಬಗೆರೆಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಲು ನೂರಾರು ಕಿಲೋಮೀಟರು ಹೋಗಬೇಕು. ಇಲ್ಲಿ ಇರೋದು ನಂದಿ ಬೆಟ್ಟದ ಸಾಲು, ಕೆರೆ, ರಾಗಿ ಹೊಲ. ಆದರೂ ಈ ಕಾಯಿಲೆ ನಮ್ಮ ಸೀಮೆಗೆ ಬಂದದ್ದು ಸಮುದ್ರದ ಕಡೆಯಿಂದ. ಹಡಗಿನಲ್ಲಿ ಬಂತು, ರೈಲು ಹತ್ತಿತು, ಕೊನೆಗೆ ಎತ್ತಿನ ಗಾಡಿಯಲ್ಲಿ ಹಳ್ಳಿಗೆ ಇಳಿಯಿತು. ಹೇಗೆ ಅಂತೀರಾ? ಓದುತ್ತಾ ಹೋಗೋಣ.

ಬಂದರಿನಲ್ಲಿ

ಬಂದರು ಎಂದರೆ ಹಡಗು ಬಂದು ನಿಲ್ಲುವ ಊರು. ಚೀನಾ ದೇಶದ ಅಂಚಿನಲ್ಲಿ ಹಾಂಗ್‌ಕಾಂಗ್ ಎಂಬ ದೊಡ್ಡ ಬಂದರು ಇದೆ. 1894ರಲ್ಲಿ ಅಲ್ಲಿ ಪ್ಲೇಗು ಎದ್ದಿತು. ಅದೇ ವರ್ಷ ಅಲೆಕ್ಸಾಂಡರ್ ಯೆರ್ಸಿನ್ ಎಂಬ ವೈದ್ಯ ಅಲ್ಲಿಗೆ ಹೋಗಿ, ಸತ್ತವರ ಗೆಡ್ಡೆಯ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಕಣ್ಣಿಗೆ ಕಾಣದಷ್ಟು ಸಣ್ಣ ರೋಗಾಣು ಸಿಕ್ಕಿತು. ಸತ್ತ ಇಲಿಯಲ್ಲೂ ಅದೇ ರೋಗಾಣು ಇತ್ತು.

ಹಾಂಗ್‌ಕಾಂಗ್‌ನಿಂದ ಬೊಂಬಾಯಿಗೆ ಹಡಗುಗಳು ಓಡಾಡುತ್ತಿದ್ದವು. ಹಡಗಿನ ಹೊಟ್ಟೆಯಲ್ಲಿ ಮೂಟೆಗಳು. ಮೂಟೆ ಇದ್ದ ಕಡೆ ಇಲಿ ಇದ್ದೇ ಇರುತ್ತೆ. ಮನುಷ್ಯನಿಗಾದರೆ ಟಿಕೀಟು ಬೇಕು, ಇಲಿಗೆ ಯಾರು ಕೇಳುತ್ತಾರೆ? ಹಗ್ಗದ ಮೇಲೆ ನಡೆದು ದಡಕ್ಕೆ ಇಳಿಯುತ್ತೆ.

ಬೊಂಬಾಯಿ ಬಂದರಿಗೆ ಅಂಟಿಕೊಂಡು ಮಾಂಡ್ವಿ ಎಂಬ ಬಡಾವಣೆ. ತುಂಬಾ ಇಕ್ಕಟ್ಟು. ಕೆಳಗೆ ಧಾನ್ಯದ ಉಗ್ರಾಣ, ಮೇಲೆ ಸಣ್ಣ ಸಣ್ಣ ಕೋಣೆಗಳಲ್ಲಿ ಸಂಸಾರಗಳು. 1896ರ ಸೆಪ್ಟೆಂಬರಿನಲ್ಲಿ ಅಕಾಸಿಯೊ ವೀಗಸ್ ಎಂಬ ವೈದ್ಯರು ಅಲ್ಲಿ ಒಬ್ಬ ರೋಗಿಯನ್ನು ನೋಡಿ, ಇದು ಪ್ಲೇಗು ಎಂದು ಗುರುತಿಸಿದರು. ಸುದ್ದಿ ಹಬ್ಬಿತು. ಜನ ಗಂಟುಮೂಟೆ ಕಟ್ಟಿದರು. ಲಕ್ಷಗಟ್ಟಲೆ ಜನ ಊರು ಬಿಟ್ಟು ರೈಲು ಹತ್ತಿದರು. ಹಾಸಿಗೆ, ಕಂಬಳಿ, ಧಾನ್ಯದ ಗಂಟು ಎಲ್ಲ ಜೊತೆಯಲ್ಲೇ. ಆ ಗಂಟಿನೊಳಗೆ ಇನ್ನೊಂದು ಜೀವವೂ ಕುಳಿತಿತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ. ಆಗ ಅದು ಯಾರಿಗೂ ಗೊತ್ತಿರಲಿಲ್ಲ.

ಸರ್ಕಾರ ಮಾಡಿದ್ದು

ಆಗ ಇದ್ದದ್ದು ಬ್ರಿಟಿಷ್ ಸರ್ಕಾರ. 1897ರ ಫೆಬ್ರವರಿಯಲ್ಲಿ ಒಂದು ಕಾನೂನು ಮಾಡಿದರು. ಅಂಟುರೋಗಗಳ ಕಾನೂನು. ಪ್ರಯಾಣಿಕರನ್ನು ತಡೆದು ನೋಡಲು, ರೋಗಿಯನ್ನು ಬೇರೆ ಇಡಲು, ಮನೆ ಹೊಕ್ಕು ಹುಡುಕಲು ಅಧಿಕಾರಿಗಳಿಗೆ ಬಲ ಬಂತು. 2020ರಲ್ಲಿ ಕೊರೋನಾ ಬಂದಾಗ ನಮ್ಮ ಸರ್ಕಾರಗಳು ಮೊದಲು ಕೈಗೆತ್ತಿಕೊಂಡದ್ದೂ ಇದೇ ಹಳೇ ಕಾನೂನನ್ನು.

ಕಾನೂನಿನ ಉದ್ದೇಶ ಕೆಟ್ಟದ್ದಲ್ಲ. ನಡೆಸಿದ ರೀತಿ ಕೆಟ್ಟದಾಗಿತ್ತು. ಪುಣೆಯಲ್ಲಿ ಮನೆ ಹುಡುಕಲು ಬಂದೂಕಿನ ಸಿಪಾಯಿಗಳನ್ನು ಕಳಿಸಿದರು. ಅವರು ಬೂಟುಗಾಲಿನಲ್ಲಿ ಅಡುಗೆಮನೆಗೂ ದೇವರಮನೆಗೂ ನುಗ್ಗಿದರು. ಗೆಡ್ಡೆ ಏಳುವುದು ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ. ಗಂಡಸರು ಬಂದು ಹೆಂಗಸರ ಮೈ ಮುಟ್ಟಿ ನೋಡುತ್ತೇವೆ ಎಂದರೆ ಯಾರು ಒಪ್ಪುತ್ತಾರೆ? ನೀವೇ ಹೇಳಿ. ಪುಣೆಯ ಪ್ಲೇಗಿನ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು 1897ರ ಜೂನ್ 22ರಂದು ಗುಂಡು ಹಾರಿಸಿ ಗಾಯಗೊಳಿಸಿದರು; ಆ ಗಾಯದಿಂದಲೇ ಅವನು ಆಮೇಲೆ ಸತ್ತ. ಮರುವರ್ಷ ಮಾರ್ಚಿಯಲ್ಲಿ ಬೊಂಬಾಯಿಯ ಒಂದು ನೇಕಾರರ ಕೇರಿಯಲ್ಲಿ, ಜ್ವರ ಬಂದಿದ್ದ ಹುಡುಗಿಯನ್ನು ಪರೀಕ್ಷೆ ಮಾಡಲು ತಂದೆ ಬಿಡಲಿಲ್ಲ. ಜನ ಸೇರಿದರು. ಗಲಭೆಯಾಯಿತು. ಪೊಲೀಸರು ಗುಂಡು ಹಾರಿಸಿದರು. ರೋಗದಿಂದ ಅಲ್ಲ, ಗುಂಡಿನಿಂದ ಜನ ಸತ್ತರು.

ಇನ್ನೊಂದು ಕಡೆ ಬೇರೆ ತರಹ ನಡೆದವರೂ ಇದ್ದರು. ಸಾವಿತ್ರಿಬಾಯಿ ಫುಲೆ ಎಂಬ ಹೆಸರನ್ನು ನೀವು ಕೇಳಿರಬಹುದು. 1848ರಿಂದಲೇ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ತಾಯಿ. ಶಾಲೆಗೆ ಹೋಗುವಾಗ ಜನ ಸಗಣಿ, ಕೆಸರು ಎಸೆದರೂ ನಿಲ್ಲಲಿಲ್ಲ. ಪ್ಲೇಗು ಬಂದಾಗ ಅವರಿಗೆ ಅರವತ್ತೈದು ವರ್ಷ. ಅವರ ಸಾಕುಮಗ ಯಶವಂತ ವೈದ್ಯರು. ತಾಯಿ ಮಗ ಸೇರಿ ಪುಣೆಯ ಹೊರಗೆ ಬಯಲಿನಲ್ಲಿ ರೋಗಿಗಳಿಗೆ ಒಂದು ಚಿಕಿತ್ಸೆಯ ಜಾಗ ಮಾಡಿದರು. ದಲಿತರ ಕೇರಿಯ ಒಬ್ಬ ಹುಡುಗನಿಗೆ ಪ್ಲೇಗು ಬಂದಿದೆ ಎಂದು ತಿಳಿದು ಸಾವಿತ್ರಿಬಾಯಿ ಓಡಿದರು. ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಬದುಕಿದ. ಅವರಿಗೆ ಕಾಯಿಲೆ ಅಂಟಿತು. 1897ರ ಮಾರ್ಚ್ 10ರಂದು ತೀರಿಕೊಂಡರು.

ರೈಲಿನಲ್ಲಿ ಬೆಂಗಳೂರಿಗೆ

ಬೊಂಬಾಯಿ, ಪುಣೆ, ಆಮೇಲೆ ಧಾರವಾಡ, ಹುಬ್ಬಳ್ಳಿ. ರೈಲು ಹಳಿ ಹೋದ ದಾರಿಯಲ್ಲೇ ಕಾಯಿಲೆಯೂ ನಡೆದು ಬಂತು. ಹುಬ್ಬಳ್ಳಿಯಿಂದ ಹರಿಹರ, ಅರಸೀಕೆರೆ, ತುಮಕೂರು ದಾಟಿದರೆ ಬೆಂಗಳೂರು. 1898ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು.

ಆಗಿನ ಬೆಂಗಳೂರು ಈಗಿನ ಹಾಗಲ್ಲ. ಒಂದು ಕಡೆ ಹಳೇ ಪೇಟೆ, ಮೈಸೂರು ಸರ್ಕಾರದ್ದು. ಇನ್ನೊಂದು ಕಡೆ ದಂಡು, ಬ್ರಿಟಿಷರ ಕೈಯಲ್ಲಿ. ಚಿಕ್ಕಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆ, ಎಲ್ಲ ಇಕ್ಕಟ್ಟಿನ ಓಣಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಎಷ್ಟೋ ಕೋಣೆಗಳಿಗೆ ಕಿಟಕಿಯೇ ಇಲ್ಲ. ತರಗುಪೇಟೆ ಅಂದರೆ ಧಾನ್ಯದ ವ್ಯಾಪಾರದ ಜಾಗ. ಮಾಂಡ್ವಿಯಲ್ಲಿ ಇದ್ದ ಹಾಗೇ ಇಲ್ಲೂ ಮೂಟೆ, ಇಲ್ಲೂ ಇಲಿ. ಬಂದರಿನ ಇಲಿಗೆ ಬೇಕಾದ ಸಂಸಾರವೆಲ್ಲ ಇಲ್ಲೇ ಸಿದ್ಧವಾಗಿತ್ತು.

ಆಗ ಮೈಸೂರು ಸೀಮೆಯನ್ನು ಆಳುತ್ತಿದ್ದದ್ದು ಒಬ್ಬ ಹೆಂಗಸು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಗಂಡ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ಮಗ ದೊಡ್ಡವನಾಗುವವರೆಗೆ ತಾಯಿಯೇ ರಾಜ್ಯ ನೋಡಿಕೊಂಡರು. ದಿವಾನರು ಶೇಷಾದ್ರಿ ಅಯ್ಯರ್. ಪ್ಲೇಗಿನ ಕೆಲಸಕ್ಕೆಂದೇ ವಿ. ಪಿ. ಮಾಧವರಾಯರನ್ನು ಕಮಿಷನರ್ ಮಾಡಿದರು. ಕೇರಳದಿಂದ ಬಂದಿದ್ದ ಡಾಕ್ಟರ್ ಪಲ್ಪು ಎಂಬುವರು ಮೈಸೂರು ಸರ್ಕಾರದಲ್ಲಿ ವೈದ್ಯರಾಗಿದ್ದರು. ಜಾತಿ ಕೀಳೆಂದು ಅವರ ಸ್ವಂತ ನಾಡು ತಿರುವಾಂಕೂರಿನಲ್ಲಿ ಕೆಲಸ ಕೊಟ್ಟಿರಲಿಲ್ಲ. ಅವರು ಬೆಂಗಳೂರಿನ ಪ್ಲೇಗು ಶಿಬಿರಗಳಲ್ಲಿ ಜೀವದ ಹಂಗು ತೊರೆದು ದುಡಿದರು.

ರೈಲು ನಿಲ್ದಾಣದಲ್ಲಿ ಜನರನ್ನು ಇಳಿಸಿ ನೋಡುವುದು, ರೋಗಿಯನ್ನು ಊರಾಚೆಯ ಶಿಬಿರಕ್ಕೆ ಸಾಗಿಸುವುದು, ಮನೆಯವರನ್ನು ಬೇರೆ ಇಡುವುದು. ಹೆಂಚು ತೆಗೆಸಿ ಮನೆಯೊಳಗೆ ಬಿಸಿಲು ಬೀಳಿಸುವುದು. ಗೋಡೆಗೆ ಸುಣ್ಣ, ನೆಲಕ್ಕೆ ಔಷಧಿ. ಹಾಸಿಗೆ ಬಟ್ಟೆ ಸುಡುವುದು. ಕೆಲವು ಮನೆಗಳನ್ನು ಕೆಡವಿಯೇ ಹಾಕಿದರು. ಸಾವಿರಾರು ಜನ ಸತ್ತರು. ಅದಕ್ಕಿಂತ ಎಷ್ಟೋ ಹೆಚ್ಚು ಜನ ಊರು ಬಿಟ್ಟರು. 1891ರ ಜನಗಣತಿಯಲ್ಲಿ ಪೇಟೆ ದಂಡು ಸೇರಿ ಬೆಂಗಳೂರಿನಲ್ಲಿ 1,80,000ಕ್ಕೂ ಸ್ವಲ್ಪ ಹೆಚ್ಚು ಜನ ಇದ್ದರು. 1901ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 1,59,000. ಬೆಳೆಯಬೇಕಾದ ಊರು ಕರಗಿತ್ತು.

ಯಾಕೆ ಬಚ್ಚಿಟ್ಟರು?

ಮನೆಯಲ್ಲಿ ಜ್ವರ ಬಂದರೆ ಜನ ಹೇಳುತ್ತಿರಲಿಲ್ಲ. ರೋಗಿಯನ್ನು ಅಟ್ಟದಲ್ಲಿ, ಧಾನ್ಯದ ಕೋಣೆಯಲ್ಲಿ, ಬಟ್ಟೆಗಂಟಿನ ಹಿಂದೆ ಮಲಗಿಸುತ್ತಿದ್ದರು. ಸತ್ತರೆ ರಾತ್ರೋರಾತ್ರಿ ಹೂಳುತ್ತಿದ್ದರು. ಆಗಿನ ಅಧಿಕಾರಿಗಳು ಇದನ್ನು ನೋಡಿ, ಈ ಜನ ದಡ್ಡರು, ಏನೂ ತಿಳಿಯದವರು ಎಂದು ಬರೆದಿಟ್ಟರು.

ದಡ್ಡತನವೇ? ಒಂದು ಗಳಿಗೆ ಆ ಮನೆಯ ತಾಯಿಯ ಜಾಗದಲ್ಲಿ ನಿಂತು ನೋಡೋಣ. ಮಗುವಿಗೆ ಜ್ವರ. ಹೇಳಿದರೆ ಮಗುವನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ಹೋದವರು ತಿರುಗಿ ಬಂದದ್ದನ್ನು ಯಾರೂ ಅಷ್ಟಾಗಿ ನೋಡಿಲ್ಲ. ಅಲ್ಲಿ ಯಾರ ಕೈಯ ನೀರು ಕುಡಿಸುತ್ತಾರೋ, ಸತ್ತರೆ ಮುಖ ನೋಡಲು ಬಿಡುತ್ತಾರೋ ಇಲ್ಲವೋ. ಇತ್ತ ಮನೆಯ ಹೆಂಚು ಕೀಳುತ್ತಾರೆ, ಬಟ್ಟೆ ಸುಡುತ್ತಾರೆ. ಕೂಲಿ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿದರೆ ಮಗು ಉಳಿಯುತ್ತಾ? ಅದಕ್ಕೆ ಮಾತ್ರ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಯಾಕೆಂದರೆ ಆಗ ಪ್ಲೇಗಿಗೆ ಔಷಧಿಯೇ ಇರಲಿಲ್ಲ. ಹೀಗಿರುವಾಗ ಬಚ್ಚಿಡದೆ ಇನ್ನೇನು ಮಾಡಿಯಾಳು?

ಆದರೆ ಬಚ್ಚಿಟ್ಟದ್ದರಿಂದ ಕಾಯಿಲೆ ಪಕ್ಕದ ಮನೆಗೂ ಹೋಯಿತು. ಇದೂ ನಿಜ. ಹೆದರಿಸಿದರೆ ಜನ ಬಚ್ಚಿಡುತ್ತಾರೆ. ಬಚ್ಚಿಟ್ಟರೆ ರೋಗ ಹೆಚ್ಚುತ್ತದೆ. ರೋಗ ಹೆಚ್ಚಿದರೆ ಇನ್ನಷ್ಟು ಹೆದರಿಸುತ್ತಾರೆ. ಕೊರೋನಾ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದಾಗ ಎಷ್ಟು ಜನ ಕೆಮ್ಮನ್ನು ನುಂಗಿಕೊಂಡು "ನಮ್ಮಲ್ಲಿ ಯಾರಿಗೂ ಏನೂ ಇಲ್ಲಮ್ಮ" ಎಂದಿದ್ದರು, ನೆನಪಿದೆಯಲ್ಲ?

ಒಂದು ಲಸಿಕೆ ಮಾತ್ರ ಬಂದಿತ್ತು. ಹಾಫ್‌ಕಿನ್ ಎಂಬ ವಿಜ್ಞಾನಿ ಬೊಂಬಾಯಿಯಲ್ಲಿ ಅದನ್ನು ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಇದಕ್ಕೂ ಮೊದಲು ಕಲ್ಕತ್ತೆಯಲ್ಲಿ ಕಾಲರಾಕ್ಕೆ ಲಸಿಕೆ ಹಾಕಿದವನೂ ಅವನೇ. (ಕಾಲರಾ ಬೇರೆ, ಪ್ಲೇಗು ಬೇರೆ. ಕಾಲರಾ ಎಂದರೆ ವಾಂತಿಭೇದಿ. ಅದು ಕೆಟ್ಟ ನೀರಿನಿಂದ, ಕೆಟ್ಟ ಆಹಾರದಿಂದ ಬರುತ್ತೆ.) ಪ್ಲೇಗಿನ ಲಸಿಕೆ ಸಾವನ್ನು ಕಡಿಮೆ ಮಾಡಿತು. ಆದರೆ ಸೂಜಿ ಚುಚ್ಚಿದ ಮೇಲೆ ಜ್ವರ ಬರುತ್ತಿತ್ತು. ಜನ ಅದಕ್ಕೂ ಹೆದರಿದರು.

ಗಂಟಿನೊಳಗೆ ಕುಳಿತಿದ್ದ ಜೀವ

ಈಗ ಆ ಗಂಟಿನ ವಿಷಯಕ್ಕೆ ಬರೋಣ.

ಇಲಿ ಸತ್ತ ಮೇಲೆ ಮನುಷ್ಯ ಸಾಯುತ್ತಾನೆ, ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಇಲಿಯಿಂದ ಮನುಷ್ಯನಿಗೆ ರೋಗ ದಾಟಿಸುವವರು ಯಾರು? ಗಾಳಿಯೋ, ನೆಲವೋ, ಧಾನ್ಯವೋ? ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ಇದರ ಹಿಂದೆ ಬಿದ್ದ. 1898ರಲ್ಲಿ, ನಮ್ಮ ಬೆಂಗಳೂರಿಗೆ ಪ್ಲೇಗು ಬಂದ ಅದೇ ವರ್ಷ, ಕರಾಚಿ ಬಂದರಿನಲ್ಲಿ ಉತ್ತರ ಹುಡುಕಿದ. ಚಿಗಟ!

ಚಿಗಟ ನಿಮಗೆ ಗೊತ್ತು. ನಾಯಿ ಬೆಕ್ಕಿನ ಮೈಯಲ್ಲಿ ಇರುತ್ತೆ. ರೆಕ್ಕೆ ಇಲ್ಲ, ಹಾರಲು ಬರುವುದಿಲ್ಲ, ಆದರೆ ನೆಗೆಯುತ್ತೆ. ಇಲಿಯ ಮೈಯಲ್ಲೂ ಚಿಗಟ ಇರುತ್ತೆ. ಪ್ಲೇಗು ಹಿಡಿದ ಇಲಿಯ ರಕ್ತ ಕುಡಿದರೆ ರೋಗಾಣು ಚಿಗಟದ ಹೊಟ್ಟೆ ಸೇರುತ್ತೆ. ಅಲ್ಲಿ ಬೆಳೆದು ಗಂಟಾಗಿ, ಚಿಗಟದ ಗಂಟಲನ್ನೇ ಕಟ್ಟಿಬಿಡುತ್ತೆ. ಎಷ್ಟು ಕುಡಿದರೂ ಹೊಟ್ಟೆಗೆ ಇಳಿಯದು. ಹಸಿವು ತಡೆಯಲಾರದೆ ಚಿಗಟ ಮತ್ತೆ ಮತ್ತೆ ಕಚ್ಚುತ್ತೆ. ಇಷ್ಟರಲ್ಲಿ ಇಲಿ ಸಾಯುತ್ತೆ. ಸತ್ತ ಇಲಿಯ ಮೈ ತಣ್ಣಗಾದ ಕೂಡಲೇ ಚಿಗಟ ಅದನ್ನು ಬಿಟ್ಟು ಬಿಸಿ ಮೈ ಹುಡುಕಿಕೊಂಡು ಹೊರಡುತ್ತೆ. ಬೇರೆ ಇಲಿ ಸಿಗದಿದ್ದರೆ ನೆಲದ ಮೇಲೆ ಚಾಪೆ ಹಾಸಿ ಮಲಗಿದ ಮನುಷ್ಯ. ಕಚ್ಚುವಾಗ ಕಟ್ಟಿಕೊಂಡ ರೋಗಾಣು ನಮ್ಮ ಮೈಗೆ ಉಕ್ಕುತ್ತೆ.

ಎಲ್ಲ ಮಾತು ಈಗ ಕೂಡಿ ಬಂತಲ್ಲ? ಮೊದಲು ಇಲಿ ಬೀಳುವುದು, ಆಮೇಲೆ ಮನುಷ್ಯ ಬೀಳುವುದು. ಊರು ಬಿಟ್ಟವರ ಹಾಸಿಗೆ ಗಂಟಿನಲ್ಲಿ, ಧಾನ್ಯದ ಮೂಟೆಯಲ್ಲಿ ರೋಗ ಸಾಗಿ ಬಂದದ್ದು. ಗಂಟಿನೊಳಗೆ ಕುಳಿತಿದ್ದದ್ದು ಚಿಗಟ. ಸಿಮಂಡ್ ಹೇಳಿದ್ದನ್ನು ಸುಮಾರು ಹತ್ತು ವರ್ಷ ದೊಡ್ಡ ದೊಡ್ಡ ವೈದ್ಯರೂ ನಂಬಲಿಲ್ಲ. ಅಷ್ಟು ಹೊತ್ತಿಗೆ ಲಕ್ಷಾಂತರ ಜನ ಹೋಗಿದ್ದರು. ನಮ್ಮ ದೇಶದಲ್ಲಿ ಈ ಪ್ಲೇಗಿನಿಂದ ಒಟ್ಟು ಸತ್ತವರು ಒಂದು ಕೋಟಿಗೂ ಹೆಚ್ಚು.

ಹೊಲದಲ್ಲಿ ಗುಡಿಸಲು

ಬೆಂಗಳೂರಿನಿಂದ ಹಳ್ಳಿಗಳಿಗೆ ಪ್ಲೇಗು ಬರಲು ತಡವಾಗಲಿಲ್ಲ. ಸಂತೆಗೆ ಹೋದವರು, ಗಾಡಿ ಹೊಡೆಯುವವರು, ನೆಂಟರು, ಎಲ್ಲರೂ ಪೇಟೆಯಿಂದ ಬರುವವರೇ. ಒಂದು ವರ್ಷ ಬಂದು ಹೋಗುವ ಕಾಯಿಲೆಯೂ ಅಲ್ಲ. ಎಷ್ಟೋ ವರ್ಷ ಚಳಿಗಾಲದ ಹೊತ್ತಿಗೆ ಮತ್ತೆ ಮತ್ತೆ ಬಂತು.

ಇಲಿ ಬಿದ್ದರೆ ಹಳೇ ಮೈಸೂರು ಸೀಮೆಯ ಹಳ್ಳಿಯವರು ಒಂದು ಕೆಲಸ ಮಾಡುತ್ತಿದ್ದರು. ಮನೆಗೆ ಬೀಗ ಹಾಕಿ ಊರೇ ಖಾಲಿ. ಹೊಲದಲ್ಲಿ, ತೋಪಿನಲ್ಲಿ ಗಳ ನೆಟ್ಟು, ತೆಂಗಿನ ಗರಿಯೋ ಹುಲ್ಲೋ ಹೊದಿಸಿ ಗುಡಿಸಲು ಹಾಕುತ್ತಿದ್ದರು. ಒಂದು ತಿಂಗಳು, ಎರಡು ತಿಂಗಳು ಅಲ್ಲೇ ಬಿಡಾರ. ಅಲ್ಲೇ ಮುದ್ದೆ, ಅಲ್ಲೇ ಹೆರಿಗೆ, ಅಲ್ಲೇ ಬಾಣಂತನ. ಚಳಿಯಲ್ಲಿ ಎಳೆ ಕೂಸನ್ನು ಎದೆಗೆ ಅವುಚಿಕೊಂಡು ತಾಯಂದಿರು ರಾತ್ರಿ ಕಳೆದರು. ಗಂಡಸರು ಸರದಿಯ ಮೇಲೆ ಊರು ಕಾಯಬೇಕು, ಇಲ್ಲದಿದ್ದರೆ ಬೀಗ ಹಾಕಿದ ಮನೆಗಳಿಗೆ ಕಳ್ಳರು.

ಚಿಗಟದ ವಿಷಯ ಗೊತ್ತಿಲ್ಲದೆಯೇ ಜನ ಚಿಗಟದಿಂದ ದೂರ ಹೋಗಿದ್ದರು. ಆಗಿನ ದೊಡ್ಡ ವೈದ್ಯರು ಗೋಡೆಗೆ ಔಷಧಿ ಹೊಡೆಸುತ್ತಿದ್ದಾಗ, ನಮ್ಮ ಹಿರಿಯರು ಇಲಿಯನ್ನು ನೋಡಿ ಸರಿಯಾದ ತೀರ್ಮಾನಕ್ಕೆ ಬಂದಿದ್ದರು. ಎಲ್ಲವನ್ನೂ ಸರಿಯಾಗಿಯೇ ಮಾಡಿದರು ಅಂತಲ್ಲ. ಊರು ಬಿಡುವಾಗ ಕಂಬಳಿ ಕೌದಿಗಳನ್ನು ಒಂದು ಬಿಸಿಲೂ ಕಾಣಿಸದೆ ಹೊತ್ತು ತಂದರೆ ಚಿಗಟವೂ ಗುಡಿಸಲಿಗೇ ಬರುತ್ತಿತ್ತು. ಇಲಿ ಬಿದ್ದ ಮನೆಯವರು ನೆಂಟರ ಊರಿಗೆ ಓಡಿದರೆ ಆ ಊರಿಗೂ ಬರುತ್ತಿತ್ತು.

ರಾಗಿಯ ವಿಷಯವನ್ನೂ ಹೇಳಬೇಕು. ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಡಿ ಆಳವಾಗಿ ತೋಡಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ಇಲಿಗೂ ಸುಲಭಕ್ಕೆ ಸಿಗದು. ಮನೆಯೊಳಗೆ ತೆರೆದ ಮೂಟೆಯಲ್ಲಿ ಇಟ್ಟ ಧಾನ್ಯವೇ ಇಲಿಯನ್ನು ಕರೆಯುವುದು. ಧಾನ್ಯವನ್ನು ಬಿಗಿ ಮುಚ್ಚಳದ ಡಬ್ಬದಲ್ಲೋ ಡ್ರಮ್ಮಿನಲ್ಲೋ ಇಟ್ಟು, ಉಳಿದ ಊಟವನ್ನು ರಾತ್ರಿ ಮುಚ್ಚಿ, ಕಸವನ್ನು ಮನೆಯಿಂದ ದೂರ ಹಾಕುವ ಹೆಂಗಸು ಈಗಲೂ ಇಲಿಗೆ ಬಾಗಿಲು ಹಾಕುತ್ತಾಳೆ.

ಬೆಂಗಳೂರಿನಲ್ಲಿ ಉಳಿದ ಗುರುತು

ಪ್ಲೇಗು ಹೋದ ಮೇಲೂ ಅದರ ಗುರುತು ಊರಿನಲ್ಲಿ ಉಳಿಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಚನೆ ಮೊದಲೇ ಇತ್ತು. ಪ್ಲೇಗು ಬಂದ ಮೇಲೆ ಕೆಲಸ ಚುರುಕಾಯಿತು. ನೇರ ರಸ್ತೆ, ಮನೆಗೂ ಮನೆಗೂ ನಡುವೆ ಜಾಗ, ಹಿಂದೆ ಕಸ ಸಾಗಿಸಲು ಓಣಿ. ದಂಡಿನಲ್ಲಿ ಫ್ರೇಜರ್ ಟೌನ್ ಎಂಬ ಬಡಾವಣೆ ಕಟ್ಟಿದರು. ಈಗ ಅದನ್ನು ಪುಲಿಕೇಶಿನಗರ ಎನ್ನುತ್ತಾರೆ. ಇಲಿ ನುಗ್ಗದ ಹಾಗೆ, ಗಾಳಿ ಬೆಳಕು ಆಡುವ ಹಾಗೆ ಅಲ್ಲಿ ಮನೆ ಕಟ್ಟಿಸಿದರು. ನಮ್ಮ ಕಡೆಯವರು ಈಗಲೂ ದೊಡ್ಡ ಕಾಯಿಲೆಗೆ ಹೋಗುವ ವಿಕ್ಟೋರಿಯಾ ಆಸ್ಪತ್ರೆಯೂ ಆ ಕಾಲದ್ದೇ. ಅದು 1900ರ ಡಿಸೆಂಬರಿನಲ್ಲಿ ತೆರೆಯಿತು.

ಇನ್ನೊಂದು ಗುರುತು ಪ್ಲೇಗ್ ಮಾರಮ್ಮ. ಬೆಂಗಳೂರಿನಲ್ಲಿ ಈ ಹೆಸರಿನ ಗುಡಿಗಳು ಇವೆ. ಮಗುವನ್ನು ಕಳೆದುಕೊಂಡವರು, ಉಳಿಸಿಕೊಂಡವರು ಅಲ್ಲಿ ಮಡಿಲಕ್ಕಿ ಕಟ್ಟಿದರು. ಕಾಯಿಲೆ ಹೋಯಿತು, ಅಮ್ಮ ಉಳಿದಳು. ಬೇರೆ ಜ್ವರ ಬಂದರೂ ಜನ ಅವಳ ಹತ್ತಿರವೇ ಹೋಗುತ್ತಾರೆ. ಪೂಜೆ ಮಾಡಿದವರನ್ನು ನಾವು ನಗಬೇಕಾಗಿಲ್ಲ. ಪೂಜೆ ಮುಗಿಸಿ ಆಸ್ಪತ್ರೆಗೂ ಹೋದರಾಯಿತು.

ಈಗ ಪ್ಲೇಗು ಇದೆಯೇ?

ಈಗ ಪ್ಲೇಗಿಗೆ ಔಷಧಿ ಇದೆ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಮುಂತಾದವು. ಬೇಗ ಕೊಟ್ಟರೆ ರೋಗಿ ಬದುಕುತ್ತಾರೆ. ತಡವಾದರೆ ಕಷ್ಟ. ಆದ್ದರಿಂದಲೇ ಬಚ್ಚಿಡುವ ಲೆಕ್ಕ ಈಗ ತಲೆಕೆಳಗಾಗಿದೆ. 1898ರ ತಾಯಿಗೆ ಹೇಳಿದರೂ ಮಗು ಉಳಿಯುವ ಭರವಸೆ ಇರಲಿಲ್ಲ. ಇವತ್ತಿನ ತಾಯಿಗೆ ಹೇಳಿದರೇ ಭರವಸೆ.

1966ರಲ್ಲಿ ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಪ್ಲೇಗು ಕಂಡಿತ್ತು. ಆಮೇಲೆ ಇಪ್ಪತ್ತೆಂಟು ವರ್ಷ ದೇಶದಲ್ಲಿ ಎಲ್ಲೂ ಸುದ್ದಿಯಿಲ್ಲ. ಜನ ಮರೆತರು. 1994ರ ಸೆಪ್ಟೆಂಬರಿನಲ್ಲಿ ಗುಜರಾತಿನ ಸೂರತ್‌ನಲ್ಲಿ ಮತ್ತೆ ಎದ್ದಿತು. ಸೂರತ್ ಕೂಡ ಒಂದು ಹಳೇ ಬಂದರು ಪಟ್ಟಣ. ಆ ಸಲ ಬಂದದ್ದು ಶ್ವಾಸಕೋಶದ ಪ್ಲೇಗು, ಕೆಮ್ಮಿನಿಂದ ಹರಡುವಂಥದು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಜನ, ನೂರು ವರ್ಷದ ಹಿಂದಿನ ಹಾಗೇ, ರೈಲು ಹತ್ತಿ ಓಡಿದರು. ಔಷಧಿ ಇದ್ದದ್ದರಿಂದ ಕೆಲವೇ ವಾರಗಳಲ್ಲಿ ಹತೋಟಿಗೆ ಬಂತು. ಮುಂದಿನ ಎರಡು ವರ್ಷದಲ್ಲಿ ಎಸ್. ಆರ್. ರಾವ್ ಎಂಬ ಅಧಿಕಾರಿ ಆ ಊರಿನ ಕಸ ಎತ್ತಿಸಿ, ಚರಂಡಿ ಮಾಡಿಸಿ, ಗಬ್ಬು ನಾರುತ್ತಿದ್ದ ಸೂರತ್ತನ್ನು ದೇಶವೇ ನೋಡುವ ಹಾಗೆ ಮಾಡಿದರು.

ರೋಗಾಣು ಪೂರ್ತಿ ಹೋಗಿಲ್ಲ. ಕಾಡು ಗುಡ್ಡಗಳ ಕಾಡಿಲಿಗಳಲ್ಲಿ ಅದು ತಣ್ಣಗೆ ಕುಳಿತಿರಬಲ್ಲದು. ಆದ್ದರಿಂದ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರ ಪ್ಲೇಗನ್ನು ಕಾಯಲೆಂದೇ ಒಂದು ಘಟಕ ಇಟ್ಟಿದೆ. ಅಲ್ಲಿಯವರು ಬೋನು ಇಟ್ಟು ಇಲಿ ಹಿಡಿದು, ಚಿಗಟ ಆರಿಸಿ, ರಕ್ತ ಪರೀಕ್ಷೆ ಮಾಡುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆಯೂ ನಮ್ಮ ಅಜ್ಜಿಯರು ಕೇಳುತ್ತಿದ್ದದ್ದೇ. ಇಲಿ ಬಿದ್ದಿದೆಯಾ?

ಒಂದು ಇಲಿ ಸತ್ತರೆ ಗಾಬರಿ ಬೇಡ. ಪಾಷಾಣ ತಿಂದಿರಬಹುದು. ಕಾರಣ ಇಲ್ಲದೆ ಒಂದರ ಹಿಂದೆ ಒಂದು ಬಿದ್ದರೆ ಮಾತ್ರ ಬರಿಗೈಯಲ್ಲಿ ಬಾಲ ಹಿಡಿದು ಎಸೆಯಬೇಡಿ. ಮಕ್ಕಳನ್ನು ದೂರ ಇಡಿ. ಆಶಾ ಕಾರ್ಯಕರ್ತೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಹೇಳಿ. ಯಾವ ದಿನ, ಎಷ್ಟು ಇಲಿ, ಯಾರ ಮನೆ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಈಗ ನಿಮಗೆ ಬರೆಯಲು ಬರುತ್ತದಲ್ಲ.